ಬಿ.ಎಸ್ಸಿ. ಪದವಿಯೂ ಕಾಲೇಜಿನ ಮಾನ್ಯತೆಯೂ

ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೋದಿ ಮುಗಿಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರ ತಾಯಿತಂದೆಗಳು, ಬಸವಕಲ್ಯಾಣದವರಾಗಲಿ ಹುಮನಾಬಾದಿನವರಾಗಲಿ, ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: “ಹತ್ತಿರದ ಕಾಲೇಜಿಗೆ ನ್ಯಾಕ್ ಆಗಿಲ್ಲವಂತೆ, ಅಲ್ಲಿ ಬಿ.ಎಸ್ಸಿ. ಮಾಡಿದರೆ ಪದವಿ ನಡೆದೀತೇ?” ಈ ಸಂಶಯದಿಂದ ಮಗಳನ್ನು ಹತ್ತಿರದಲ್ಲಿಯೂ ಓದಿಸದೆ, ದೂರಕ್ಕೆ ಕಳುಹಿಸಲೂ ಮನಸ್ಸು ಬಾರದೆ, ಮನೆಯಲ್ಲಿಯೇ ನಿಲ್ಲಿಸಿಕೊಂಡವರುಂಟು. ಆದುದರಿಂದ ಈ ವಿಷಯವನ್ನು ತುಸು ಬಿಡಿಸಿ ಹೇಳಬೇಕೆಂದು ಎಣಿಸಿದ್ದೇವೆ.

ಪದವಿಯನ್ನು ಕೊಡುವುದು ವಿಶ್ವವಿದ್ಯಾಲಯವೇ ಹೊರತು ಅದಕ್ಕೆ ಸೇರಿದ ಕಾಲೇಜಲ್ಲ. ನಮ್ಮ ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದಾಗ ಹೈದರಾಬಾದಿನ ಉಸ್ಮಾನಿಯಾವೂ, 1956ರ ತರುವಾಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವೂ ಈ ಕಾರ್ಯವನ್ನು ನಡೆಸಿದವು. 2023ರಲ್ಲಿ ಬೀದರ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಶಾಸನಸಮ್ಮತವಾದ ವಿಶ್ವವಿದ್ಯಾಲಯವು ಕೊಟ್ಟ ಪದವಿಯು, ಓದಿದ ಕಾಲೇಜಿಗೆ ನ್ಯಾಕ್ ಮಾನ್ಯತೆಯಿಲ್ಲವೆಂಬ ಮಾತ್ರಕ್ಕೆ ಅಸಿಂಧುವಾಗದು. ಈ ಭಯವನ್ನು ಮೊದಲು ಬಿಡತಕ್ಕದ್ದು.

ಹಾಗಾದರೆ ನ್ಯಾಕ್ ಏತಕ್ಕೆ? ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತೆಂಬ ಈ ಮಂಡಲಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1994ರಲ್ಲಿ ಸ್ಥಾಪಿಸಿತು. ಅದರ ಕೇಂದ್ರಸ್ಥಾನವು ಬೆಂಗಳೂರು. ಒಂದೊಂದು ಪಠ್ಯಕ್ರಮವನ್ನೇ ಬೇರೆಯಾಗಿ ಪರೀಕ್ಷಿಸುವ ಎನ್.ಬಿ.ಎ. ಎಂಬ ಮಂಡಲಿಯೂ ಉಂಟಾದರೂ, ಅದು ಮುಖ್ಯವಾಗಿ ಇಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣಕ್ಕೆ ಸಂಬಂಧಿಸಿದ್ದು. ನ್ಯಾಕ್ ತೂಗಿ ನೋಡುವುದು ಇಡಿಯ ಕಾಲೇಜನ್ನು. ಕಾಲೇಜು ತನ್ನನ್ನು ಕುರಿತು ತಾನೇ ವರದಿ ಬರೆದೊಪ್ಪಿಸಬೇಕು. ಬೋಧನೆ, ಸಂಶೋಧನೆ, ಕಟ್ಟಡ, ಆಡಳಿತ ಮೊದಲಾದ ಏಳು ಬಾಬುಗಳಲ್ಲಿ ಗುಣಾಂಕಗಳನ್ನು ಎಣಿಸಿ, ‘ಎ’ ಪ್ಲಸ್ ಪ್ಲಸ್ ಮೊದಲುಗೊಂಡು ‘ಸಿ’ಯವರೆಗೆ ದರ್ಜೆ ಕೊಡುವ ಪದ್ಧತಿ ಬೆಳೆದುಬಂದಿದೆ. ಈ ದರ್ಜೆಗಳನ್ನೇ ಕೈಬಿಡುವ ಯೋಜನೆಯನ್ನು 2024ರಲ್ಲಿ ಪ್ರಕಟಿಸಲಾಯಿತು.

ಪ್ರಯೋಜನವು ಇಲ್ಲದಿಲ್ಲ. ಸರಕಾರದ ಕೆಲವು ಧನಸಹಾಯಗಳಿಗೂ ಸ್ವಾಯತ್ತತೆಗೂ ಈ ಮಾನ್ಯತೆಯನ್ನೇ ಕೇಳುತ್ತಾರೆ. ಇದಕ್ಕಿಂತಲೂ ನಮಗೆ ಹಿರಿದಾಗಿ ಕಾಣುವುದೇನೆಂದರೆ, ವಿದ್ಯಾರ್ಥಿಗಳ ತೃಪ್ತಿಯನ್ನು ಅವರನ್ನೇ ಕೇಳಿ ತಿಳಿಯುವುದು, ಹೆಣ್ಣುಮಕ್ಕಳ ಸುರಕ್ಷತೆಯನ್ನೂ ಅವರಿಗಾಗಿ ವಿಶ್ರಾಂತಿಯ ಕೋಣೆಯುಂಟೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಬಸ್ಸಿಗಾಗಿ ಸಂಜೆಯವರೆಗೆ ಕಾಯುವ ಹುಡುಗಿಗೆ ಅಂಥ ಕೋಣೆಯೊಂದು ಎಷ್ಟರದೆಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ.

ಆದರೂ ಆ ಒಂದು ಅಕ್ಷರವನ್ನೇ ನಂಬಿ ಕೂಡಲಾಗದು. ಅದು ಕಾಲೇಜಿಗೆಲ್ಲ ಸೇರಿದ ದರ್ಜೆ. ಕಲಾವಿಭಾಗವು ಮೇಲಾಗಿದ್ದು ರಸಾಯನಶಾಸ್ತ್ರದ ಪ್ರಯೋಗಶಾಲೆಯು ಬಡವಾಗಿರುವುದೂ ಸಾಧ್ಯ. ಕಾಲೇಜಿನ ವರದಿಯನ್ನು ತರಿಸಿ ಓದಿರಿ. ಬಳಿಕ ಮಗಳನ್ನು ಕರೆದುಕೊಂಡು ಹೋಗಿ ಪ್ರಯೋಗಶಾಲೆಯ ಬಾಗಿಲು ತೆಗೆಸಿ ನೋಡಿರಿ. ಒಂದು ತಕ್ಕಡಿಗೆ ಎಷ್ಟು ಮಂದಿ ಕಾದಿರುವರೆಂದು ಅಲ್ಲಿ ಓದುತ್ತಿರುವವರನ್ನೇ ಕೇಳಿರಿ. 2017ರಲ್ಲಿ ಬೀದರ-ಕಲಬುರಗಿ ರೈಲುಮಾರ್ಗವು ಹುಮನಾಬಾದಿನ ಮೇಲೆ ಹಾದುಹೋದಂದಿನಿಂದ, ಎರಡೂ ಪಟ್ಟಣಗಳ ಕಾಲೇಜುಗಳನ್ನು ನೋಡಿಬರುವುದು ಮೊದಲಿನಷ್ಟು ಪ್ರಯಾಸವಲ್ಲ.