ರಕ್ತನಾಳಗಳ ಆರೋಗ್ಯಕ್ಕೆ ನಡಿಗೆ ಹಾಗೂ ಶಾಖ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಸ್ವಲ್ಪ ದೂರ ನಡೆದೊಡನೆ ಮೀನಖಂಡದಲ್ಲಿ ನೋವು ಕಾಣಿಸಿಕೊಂಡು, ಕೆಲವು ನಿಮಿಷ ನಿಂತರೆ ಶಮನವಾಗುವುದು ಕಾಲಿನ ರಕ್ತನಾಳಗಳು ಕಿರಿದಾಗಿರುವುದರ ಪ್ರಮುಖ ಲಕ್ಷಣವಾಗಿರುತ್ತದೆ. ಇದನ್ನು ವಯೋಸಹಜ ನೋವೆಂದು ಭಾವಿಸಿ, ಬಿಸಿನೀರಿನ ಶಾಖ ಕೊಟ್ಟುಕೊಂಡು ಸುಮ್ಮನಿರುವುದು ಸೂಕ್ತವಲ್ಲ. ಧೂಮಪಾನಿಗಳಲ್ಲಿ ಹಾಗೂ ಮಧುಮೇಹ, ಅಧಿಕ ರಕ್ತದೊತ್ತಡ, ಅಧಿಕ ಕೊಲೆಸ್ಟ್ರಾಲ್ ಉಳ್ಳವರಲ್ಲಿ ಈ ತೊಂದರೆ ಹೆಚ್ಚು. ಇಂಥವರಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವೂ ಅಧಿಕವಾಗಿರುತ್ತದೆ.

ರಕ್ತನಾಳಗಳು ಹಿಗ್ಗುವ ಬಗೆ

ರಕ್ತನಾಳದ ಒಳಪದರದ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತವೆ. ಇದು ನಾಳದ ಗೋಡೆಯ ಸ್ನಾಯುವನ್ನು ಸಡಿಲಿಸಿ ನಾಳವನ್ನು ಹಿಗ್ಗಿಸುತ್ತದೆ. ಈ ಕುರಿತ ಸಂಶೋಧನೆಗೆ 1998ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆತಿದೆ. ನಡಿಗೆ ಮತ್ತು ಶಾಖ ಎರಡರಿಂದಲೂ ರಕ್ತದ ಹರಿವು ಹೆಚ್ಚಿ ಒಳಪದರವು ಚುರುಕುಗೊಳ್ಳುತ್ತದೆ.

ನಡಿಗೆ

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ನಡೆಯುವಾಗ ಕಾಲುನೋವು ಬರುವವರು ವೈದ್ಯರ ಸಲಹೆ ಪಡೆದು ಈ ಕೆಳಕಂಡ ಕ್ರಮವನ್ನು ಅನುಸರಿಸಬಹುದು:

1. ನೋವು ಮಧ್ಯಮ ಪ್ರಮಾಣಕ್ಕೆ ಬರುವವರೆಗೆ ನಡೆಯುವುದು.
2. ನೋವು ಪೂರ್ಣ ಶಮನವಾಗುವವರೆಗೆ ವಿಶ್ರಮಿಸಿ, ಪುನಃ ನಡೆಯುವುದು.
3. ವಿಶ್ರಾಂತಿಯೂ ಸೇರಿದಂತೆ 30ರಿಂದ 60 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, ಕನಿಷ್ಠ 12 ವಾರ ಮುಂದುವರಿಸುವುದು.

ಇದರಿಂದ ನೋವಿಲ್ಲದೆ ನಡೆಯಬಲ್ಲ ದೂರವು ಹೆಚ್ಚುವುದು ದೃಢಪಟ್ಟಿದೆ. ವಿಶ್ರಾಂತಿಯಲ್ಲಿಯೂ ನೋವಿರುವವರು ಹಾಗೂ ಪಾದದಲ್ಲಿ ಹುಣ್ಣು ಇರುವವರು ಈ ಕ್ರಮವನ್ನು ತಾವಾಗಿಯೇ ಆರಂಭಿಸತಕ್ಕದ್ದಲ್ಲ.

ಶಾಖ ಚಿಕಿತ್ಸೆ

ಪೂರ್ವ ಫಿನ್ಲೆಂಡ್‌ನ 2,315 ಪುರುಷರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಬಾರಿ ಸೌನಾ ಸ್ನಾನ ಮಾಡುವವರಲ್ಲಿ ಹೃದ್ರೋಗದ ಸಾವು ಕಡಿಮೆ ಕಂಡುಬಂದಿದೆ. ಆದರೆ ಇದು ವೀಕ್ಷಣಾ ಅಧ್ಯಯನವಾದುದರಿಂದ ಸ್ನಾನವೇ ಕಾರಣವೆಂದು ಹೇಳಲಾಗದು. ಶಾಖ ಚಿಕಿತ್ಸೆಯು ನಡಿಗೆಗೆ ಪೂರಕವಾಗಬಹುದೇ ಹೊರತು ನಡಿಗೆಗಾಗಲಿ, ಔಷಧಿಗಾಗಲಿ, ಧೂಮಪಾನ ತ್ಯಜಿಸುವುದಕ್ಕಾಗಲಿ ಬದಲಿಯಲ್ಲ.

ಗಮನಿಸಬೇಕಾದ ಎಚ್ಚರಿಕೆಗಳು

- ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಬಿಸಿನೀರಿನಲ್ಲಿ ಪಾದವಿಡುವುದು, ಬಿಸಿನೀರಿನ ಚೀಲ ಬಳಸುವುದು ಅಪಾಯಕರ. ಸುಟ್ಟದ್ದು ಅರಿವಿಗೆ ಬಾರದೆ ಹುಣ್ಣಾಗಿ, ಕಾಲನ್ನು ಕತ್ತರಿಸಬೇಕಾದ ಸ್ಥಿತಿ ಒದಗಬಹುದು.
- ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಹಾಗೂ ರಕ್ತದೊತ್ತಡದ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಹಬೆಸ್ನಾನ ಮಾಡಬಾರದು.
- ಮದ್ಯಪಾನ ಮಾಡಿ ಹಬೆಸ್ನಾನ ಮಾಡಬಾರದು.
- ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ತೀವ್ರ ನೋವುಂಟಾದಲ್ಲಿ ಶಾಖ ಕೊಡದೆ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ತೆರಳುವುದು.

ತಪಾಸಣೆ

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಹಾಗೂ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ನಡೆಸಲಾಗುತ್ತದೆ. ಕಾಲುನೋವಿನ ಲಕ್ಷಣವುಳ್ಳವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣುವುದು. ಬರುವಾಗ ಹಿಂದಿನ ತಪಾಸಣಾ ವರದಿಗಳನ್ನೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನೂ ತರುವುದು. ಎಷ್ಟು ದೂರ ನಡೆದಾಗ ನೋವು ಆರಂಭವಾಗುತ್ತದೆ ಎಂಬುದನ್ನು ತಪ್ಪದೆ ತಿಳಿಸುವುದು. ಅಗತ್ಯವಿದ್ದಲ್ಲಿ ಉನ್ನತ ಆಸ್ಪತ್ರೆಯಲ್ಲಿ ಕಣಕಾಲಿನ ಹಾಗೂ ತೋಳಿನ ರಕ್ತದೊತ್ತಡವನ್ನು ಹೋಲಿಸಲಾಗುತ್ತದೆ. ಈ ಅನುಪಾತವು 0.90 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಕಾಲಿನ ರಕ್ತನಾಳ ಕಿರಿದಾಗಿದೆಯೆಂದು ಪರಿಗಣಿಸಲಾಗುವುದು.