ಕತ್ತು ಉಳುಕಿದರೆ ಉಜ್ಜಬಹುದು, ತಿರುಚಬಹುದೆ?

ರಾತ್ರಿ ಚೆನ್ನಾಗಿಯೇ ಮಲಗಿದ್ದವರಿಗೆ ಬೆಳಿಗ್ಗೆ ಏಳುವ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತದೆ. ಯಾರಾದರೂ ಪಕ್ಕದಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕು. ನೋಡುವವರಿಗೆ ನಗು, ಅನುಭವಿಸುವವರಿಗೆ ಪ್ರಾಣಸಂಕಟ. ಇದಕ್ಕೆ ಮದ್ದು ಹೇಳದವರೇ ನಮ್ಮಲ್ಲಿಲ್ಲ. ತಲೆದಿಂಬನ್ನು ಬಿಸಿಲಿಗೆ ಹಾಕಿ ಎನ್ನುವವರು ಕೆಲವರು. ಕಾಲು ಮುಂದಾಗಿ ಹುಟ್ಟಿದವರಿಂದ ಉಳುಕು ತೆಗೆಸಿ ಎನ್ನುವವರು ಇನ್ನು ಕೆಲವರು. ದಿಂಬು ಬಿಸಿಲು ಕಂಡರೆ ನಷ್ಟವೇನಿಲ್ಲ. ಅಪಾಯವಿರುವುದು ಇನ್ನೊಂದು ಸಲಹೆಯಲ್ಲಿ: ‘ಕ್ಷೌರದಂಗಡಿಗೆ ಹೋಗಿ ಒಮ್ಮೆ ಕತ್ತಿನ ನೆಟಿಕೆ ತೆಗೆಸಿಕೊಂಡು ಬನ್ನಿ.’

ಕತ್ತಿನ ಈ ಬೇನೆ ಹೊಸದಲ್ಲ. ಆಯುರ್ವೇದದಲ್ಲಿ ಇದರ ಹೆಸರು ಮನ್ಯಾಸ್ತಂಭ. ಚರಕ ಸಂಹಿತೆ ಎಣಿಸುವ 80 ವಾತರೋಗಗಳಲ್ಲಿ ಇದೂ ಒಂದು. ಹಗಲು ನಿದ್ದೆ, ಅಡ್ಡಾದಿಡ್ಡಿಯಾಗಿ ಕೂರುವುದು, ಕತ್ತೆತ್ತಿ ಮೇಲಕ್ಕೆ ನೋಡುತ್ತಿರುವುದು ಇದಕ್ಕೆ ಕಾರಣಗಳೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಸ್ವಾರಸ್ಯವಿರುವುದು ಚಿಕಿತ್ಸೆಯಲ್ಲಿ. ವಾತವೆಂದರೆ ಎಣ್ಣೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಸುಶ್ರುತವಾದರೋ ಇಲ್ಲಿ ವಾತದೊಡನೆ ಕಫವೂ ಸೇರಿದೆಯೆಂದು ಭಾವಿಸಿ, ಮೂಗಿಗೆ ಮದ್ದು ಬಿಡುವ ನಸ್ಯವನ್ನೂ ಎಣ್ಣೆಯಿಲ್ಲದ ಒಣ ಶಾಖವನ್ನೂ ವಿಶೇಷವಾಗಿ ಹೇಳುತ್ತದೆ. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕತ್ತಿಗೆ ಒತ್ತುವ ನಮ್ಮ ಅಜ್ಜಿಯರು ಯಾವ ಸಂಹಿತೆಯನ್ನೂ ಓದಿದವರಲ್ಲ. ಅವರು ಕೊಡುತ್ತಿದ್ದುದೂ ಒಣ ಶಾಖವನ್ನೇ.

ಇಂದಿನ ವೈದ್ಯರ ಪ್ರಕಾರ ಹೀಗೆ ಹಠಾತ್ತನೆ ಹಿಡಿಯುವ ಕತ್ತಿನಲ್ಲಿ ಸಾಮಾನ್ಯವಾಗಿ ಮೂಳೆಯೇನೂ ಜಾರಿರುವುದಿಲ್ಲ. ಸ್ನಾಯು ಬಿಗಿದುಕೊಂಡಿರುತ್ತದೆ, ಇಲ್ಲವೆ ಕತ್ತಿನ ಸಣ್ಣ ಕೀಲೊಂದು ಕೆರಳಿರುತ್ತದೆ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ತಾನಾಗಿ ಸಡಿಲಗೊಳ್ಳುತ್ತದೆ. ಶಾಖ ಕೊಟ್ಟು, ಭುಜದಿಂದ ಕತ್ತಿನವರೆಗೆ ಹಗುರವಾಗಿ ನೀವಿದರೆ ಬಿಗಿತ ಇಳಿಯುತ್ತದೆ, ನೋವೂ ತಗ್ಗುತ್ತದೆ. ಮಾಲೀಶಿನ ಗುಣ ಇಷ್ಟು. ಇದೇನು ಕಡಿಮೆಯಲ್ಲ.

ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗನೆ ತಿರುಗಿಸಿ ‘ಲಟಕ್’ ಎನ್ನಿಸುವುದು ಮಾತ್ರ ಮಾಲೀಶಲ್ಲ. ಆ ಸದ್ದು ಕೇಳಿದೊಡನೆ ಮೂಳೆ ಸ್ವಸ್ಥಾನಕ್ಕೆ ಬಂತೆಂದು ನಾವು ನೆಮ್ಮದಿಪಡುತ್ತೇವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳಿನ ನೆಟಿಕೆಯನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದಾಗ ಕಂಡದ್ದು ಬೇರೆ: ಕೀಲು ಅಗಲಿದಾಗ ಅದರೊಳಗಿನ ದ್ರವದಲ್ಲಿ ಗುಳ್ಳೆಯಂಥ ಪೊಳ್ಳು ಉಂಟಾಗುವ ಹೊತ್ತಿಗೇ ಆ ಸದ್ದು.

ಕತ್ತಿನಲ್ಲಿರುವುದು 7 ಮೂಳೆಗಳು. ಮೇಲಿನ ಆರರ ಪಕ್ಕದ ರಂಧ್ರಗಳ ಮೂಲಕ, ಸೂಜಿಗೆ ದಾರ ಪೋಣಿಸಿದಂತೆ, ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯೊಂದು ಎರಡೂ ಬದಿಯಲ್ಲಿ ಮೇಲೇರುತ್ತದೆ. ಕತ್ತಿನ ಮುಂಭಾಗದಲ್ಲಿ ಇನ್ನೆರಡು ದೊಡ್ಡ ಅಪಧಮನಿಗಳಿವೆ. ಅಪರೂಪಕ್ಕೊಮ್ಮೆ, ಜಗ್ಗಿದ ರಭಸಕ್ಕೆ ಇವುಗಳ ಒಳಗೋಡೆ ಸೀಳುತ್ತದೆ. ಸೀಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. 2024ರಲ್ಲಿ ಬಳ್ಳಾರಿಯಿಂದ ಬಂದ ವರದಿ ಇದೇ ಬಗೆಯದು. ಕ್ಷೌರದಂಗಡಿಯಲ್ಲಿ ಪುಕ್ಕಟೆಯಾಗಿ ಸಿಕ್ಕ ತಲೆ ಮಾಲೀಶಿನ ಕೊನೆಗೆ ಕತ್ತು ತಿರುಚಿಸಿಕೊಂಡ 30ರ ಯುವಕನಿಗೆ ಮನೆಗೆ ಹೋದ ಮೇಲೆ ಮಾತು ತೊದಲಿ, ಎಡಗಡೆ ಬಲ ಕುಂದಿತು. ಸೀಳಿದ್ದು ಕತ್ತಿನ ಮುಂಭಾಗದ ಅಪಧಮನಿ. ತಿರುಚುವುದಷ್ಟೇ ಅಲ್ಲ, ಬಗ್ಗಿಸುವುದೂ ಕೆಲವೊಮ್ಮೆ ಅಪಾಯವೇ. ಅಮೆರಿಕದಲ್ಲಿ ಕೇಶಾಲಂಕಾರದಂಗಡಿಯ ತೊಟ್ಟಿಗೆ ಕತ್ತು ಹಿಂದಕ್ಕೊರಗಿಸಿ ತಲೆ ತೊಳೆಸಿಕೊಂಡ ಐವರು ಮಹಿಳೆಯರಿಗೆ ಹೀಗಾದದ್ದನ್ನು ವೈದ್ಯರೊಬ್ಬರು 1993ರಲ್ಲೇ ವರದಿ ಮಾಡಿದ್ದರು.

ಇದರಲ್ಲಿ ಕ್ಷೌರಿಕರನ್ನಷ್ಟೇ ದೂರುವುದು ನ್ಯಾಯವಲ್ಲ. ನೆಟಿಕೆ ಬೀಳದಿದ್ದರೆ ಕೊಟ್ಟ ಕಾಸು ದಂಡವೆಂದು ಭಾವಿಸುವವರು ನಾವೇ ತಾನೆ? ‘ತಲೆಗೆ ಸಾಕು, ಕತ್ತು ತಿರುಗಿಸಬೇಡಪ್ಪ’ ಎಂದು ಕುರ್ಚಿಯಲ್ಲಿ ಕೂರುವಾಗಲೇ ಹೇಳಿದರಾಯಿತು.

ಜ್ವರ, ತಲೆನೋವಿನ ಜೊತೆಗೆ ಕತ್ತು ಬಿಗಿದರೆ, ಬಿದ್ದು ಪೆಟ್ಟಾದ ಮೇಲೆ ನೋವು ಬಂದರೆ, ಕೈ ಜೋಮು ಹಿಡಿದರೆ ಉಜ್ಜುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು. ಹಸುಗೂಸಿನ ಕತ್ತು ಸದಾ ಒಂದೇ ಕಡೆಗೆ ವಾಲುತ್ತಿದ್ದರೆ, ಎಣ್ಣೆನೀರಿನ ಹೊತ್ತಿನಲ್ಲಿ ಬಲವಂತವಾಗಿ ನೆಟ್ಟಗೆ ಮಾಡಲು ಹೋಗಬಾರದು. ಅಲ್ಲಿ ಸಾಮಾನ್ಯವಾಗಿ ಕತ್ತಿನ ಪಕ್ಕದ ಸ್ನಾಯುವೇ ಗಿಡ್ಡವಾಗಿರುತ್ತದೆ. ವೈದ್ಯರು ತೋರಿಸಿಕೊಟ್ಟಂತೆ ಮೆಲ್ಲನೆ ಎಳೆದು ಸಡಿಲಿಸುವ ವ್ಯಾಯಾಮವನ್ನು ಮೊದಲ ತಿಂಗಳುಗಳಲ್ಲೇ ಶುರುಮಾಡಿದರೆ ಬಹುಪಾಲು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.