ಗಾಣದ ಸಂದು ಎಷ್ಟಿರಬೇಕು?

ಮದ್ದೂರು, ಮಳವಳ್ಳಿ ಕಡೆಯ ಯಾವ ಆಲೆಮನೆಗೆ ಹೋದರೂ ನೋಡುವವರ ಕಣ್ಣೆಲ್ಲ ಕೊಪ್ಪರಿಗೆಯ ಮೇಲೆ. ಪಾಕ ಯಾವಾಗ ಇಳಿಯುತ್ತದೆ, ಬೆಲ್ಲದ ಬಣ್ಣ ಹೇಗೆ ಬರುತ್ತದೆ ಎಂಬುದೇ ಮಾತು. ಆದರೆ ಎಷ್ಟು ಬೆಲ್ಲ ಸಿಗಬೇಕೆಂಬುದು ಅದಕ್ಕೂ ಮೊದಲೇ, ಗಾಣದ ರೋಲರುಗಳ ನಡುವಿನ ಸಣ್ಣ ಸಂದಿನಲ್ಲಿ ತೀರ್ಮಾನವಾಗಿರುತ್ತದೆ.

ನೂರು ಕಿಲೋ ಕಬ್ಬಿನಲ್ಲಿ ನಾರಿನ ಪಾಲು ಸುಮಾರು 13 ಕಿಲೋ. ಉಳಿದದ್ದು ನೀರು ಮತ್ತು ಅದರಲ್ಲಿ ಕರಗಿದ ಸಕ್ಕರೆ. ಆದರೂ ಮೋಟಾರ್ ಗಾಣದಿಂದ ತೊಟ್ಟಿಗೆ ಬೀಳುವ ಕಬ್ಬಿನ ಹಾಲು ಸಾಮಾನ್ಯವಾಗಿ 60ರಿಂದ 65 ಕಿಲೋ ಮಾತ್ರ; ಎತ್ತಿನ ಗಾಣದಲ್ಲಿ ಇನ್ನೂ ಕಡಿಮೆ. ಮಿಕ್ಕ ಇಪ್ಪತ್ತಕ್ಕೂ ಹೆಚ್ಚು ಕಿಲೋ ರಚ್ಚಿನಲ್ಲೇ, ಅಂದರೆ ಹಿಂಡಿ ಉಳಿದ ಸಿಪ್ಪೆಯಲ್ಲೇ, ಉಳಿಯುತ್ತದೆ. ಒಳ್ಳೆಯ ಕಬ್ಬಿನ ಐದು ಕಿಲೋ ಹಾಲೆಂದರೆ ಹತ್ತಿರ ಹತ್ತಿರ ಒಂದು ಕಿಲೋ ಬೆಲ್ಲ.

ಗಾಣದಲ್ಲಿ ಸಾಮಾನ್ಯವಾಗಿ ಮೂರು ರೋಲರುಗಳು: ಮೇಲೊಂದು, ಕೆಳಗೆರಡು. ಕಬ್ಬು ಮೊದಲು ಒಳಹೋಗುವ ಸಂದು ಅಗಲ, ಹೊರಬರುವ ಸಂದು ಕಿರಿದು. ಮೊದಲ ಸಂದು ಗಟ್ಟಿ ಸಿಪ್ಪೆಯನ್ನು ಸೀಳಿ ಜಲ್ಲೆಯನ್ನು ಚಪ್ಪಟೆ ಮಾಡುತ್ತದೆ. ಸಕ್ಕರೆ ಹೆಚ್ಚಾಗಿರುವುದು ಒಳಗಿನ ಮೆದು ತಿರುಳಿನ ಜೀವಕೋಶಗಳಲ್ಲಿ. ಆ ಕೋಶಗಳು ಒಡೆದ ಮೇಲೆ ಹಾಲನ್ನು ಹಿಂಡಿ ತೆಗೆಯುವುದು ಎರಡನೆಯ ಸಂದಿನ ಕೆಲಸ.

ಹಾಗಾದರೆ ಸಂದು ಹೊಂದಿಸುವ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿದರೆ ಆಯಿತಲ್ಲ? ಆಗುವುದಿಲ್ಲ. ಸಂದು ಅತಿ ಕಿರಿದಾದರೆ ರೋಲರು ಕಬ್ಬನ್ನು ಹಿಡಿಯದೆ ಜಾರುತ್ತದೆ, ಮೋಟಾರು ಏದುಸಿರು ಬಿಡುತ್ತದೆ, ಬೇರಿಂಗು ಸವೆಯುತ್ತದೆ. ನಾರು ಪುಡಿಯಾಗಿ ಹಾಲಿಗೆ ಸೇರುತ್ತದೆ. ಸಿಪ್ಪೆಯ ಬಣ್ಣದ ಅಂಶಗಳೂ ಹೆಚ್ಚಾಗಿ ಇಳಿದು ಬೆಲ್ಲ ಕಪ್ಪಾಗುತ್ತದೆ. ಇನ್ನೊಂದು ತೊಡಕೂ ಇದೆ. ಹಿಂಡಿದ ಬಟ್ಟೆಯನ್ನು ನೀರಿನಲ್ಲೇ ಸಡಿಲ ಬಿಟ್ಟರೆ ಹೇಗೋ ಹಾಗೆ, ರೋಲರು ದಾಟಿದ ಕೂಡಲೇ ರಚ್ಚು ಉಬ್ಬಿ, ಪಕ್ಕದಲ್ಲಿರುವ ಹಾಲನ್ನು ಮತ್ತೆ ಹೀರಿಕೊಳ್ಳುತ್ತದೆ. ಬರೀ ಬಲದಿಂದ ಕೊನೆಯ ಹನಿ ಬರುವುದಿಲ್ಲ.

ಸಕ್ಕರೆ ಕಾರ್ಖಾನೆ ಇದಕ್ಕೆ ಬೇರೆ ದಾರಿ ಹಿಡಿದಿದೆ. 1933ರಲ್ಲಿ ಆರಂಭವಾದ ಮಂಡ್ಯದ ಮೈಷುಗರ್ ಇರಲಿ, ಬೇರೆ ಕಾರ್ಖಾನೆಗಳಿರಲಿ, ಸಾಮಾನ್ಯವಾಗಿ ಕಬ್ಬು ಒಂದರ ಹಿಂದೊಂದು ನಿಂತ ಹಲವು ಗಾಣಗಳನ್ನು ದಾಟಬೇಕು. ಕೊನೆಯ ಗಾಣಕ್ಕೆ ಹೋಗುವ ರಚ್ಚಿಗೆ ನೀರು ಹಾಯಿಸುತ್ತಾರೆ. ಅಲ್ಲಿಂದ ಬಂದ ತೆಳು ಹಾಲನ್ನು ಹಿಂದಿನ ಗಾಣದ ರಚ್ಚಿನ ಮೇಲೆ, ಅದರಿಂದ ಬಂದದ್ದನ್ನು ಇನ್ನೂ ಹಿಂದಿನದರ ಮೇಲೆ ಪಂಪು ಮಾಡುತ್ತಾರೆ. ಕಬ್ಬು ಮುಂದಕ್ಕೆ, ಹಾಲು ಹಿಂದಕ್ಕೆ. ಹೀಗೆ ತೊಳೆದು ಹಿಂಡುವುದರಿಂದ ಕಬ್ಬಿನ ಸಕ್ಕರೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಹಾಲಿಗೆ ಬರುತ್ತದೆ.

ಆಲೆಮನೆಯಲ್ಲಿ ರಚ್ಚಿಗೆ ನೀರು ಹಾಕಬಾರದೇಕೆ? ಉತ್ತರ ಒಲೆಯಲ್ಲಿದೆ. ಹಾಕಿದ ಪ್ರತಿ ಲೀಟರ್ ನೀರನ್ನೂ ಮತ್ತೆ ಕುದಿಸಿ ಆವಿ ಮಾಡಬೇಕು. ಕಾರ್ಖಾನೆಯಲ್ಲಿ ಒಂದು ಪಾತ್ರೆಯ ಆವಿಯೇ ಮುಂದಿನ ಪಾತ್ರೆಯನ್ನು ಕಾಯಿಸುತ್ತದೆ. ತೆರೆದ ಕೊಪ್ಪರಿಗೆಯ ಆವಿ ಗಾಳಿಪಾಲು. ಆಲೆಮನೆಗೆ ಸೌದೆಯೂ ಅದೇ ರಚ್ಚು. ಅದು ಬಿಸಿಲಿಗೆ ಬೇಗ ಒಣಗಿ ಚೆನ್ನಾಗಿ ಉರಿಯಬೇಕಾದರೆ ಉದ್ದ ಎಳೆಯಾಗಿಯೇ ಇರಬೇಕು, ಪುಡಿಯಾಗಬಾರದು. ಹಾಗಾಗಿ ಗಾಣವನ್ನು ಹೊಂದಿಸುವಾಗ ಒಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಕಾರ್ಖಾನೆಯ ಮೇಲಿನ ರೋಲರು ಹೈಡ್ರಾಲಿಕ್ ಒತ್ತಡದಲ್ಲಿ ಕಬ್ಬಿನ ದಪ್ಪಕ್ಕೆ ತಕ್ಕಂತೆ ಏರಿಳಿಯುತ್ತದೆ. ಆಲೆಮನೆಯ ಗಾಣಕ್ಕೆ ಆ ಅನುಕೂಲವಿಲ್ಲ. ಬೋಲ್ಟು ನಿಲ್ಲಿಸಿದಲ್ಲೇ ಸಂದು. ಆದ್ದರಿಂದ ಒಮ್ಮೆ ಎರಡು ಜಲ್ಲೆ, ಒಮ್ಮೆ ಆರು ಜಲ್ಲೆ ತುರುಕದೆ ಒಂದೇ ಸಮನೆ ಕೊಡಬೇಕು. ರೋಲರಿನ ಗೀರುಗಳು ಸವೆದಂತೆ ಹಿಡಿತ ತಪ್ಪುತ್ತದೆ, ಸಂದು ತಾನಾಗಿ ಅಗಲವಾಗುತ್ತದೆ.

ಆಲೆಮನೆ ನಡೆಸುವವರಲ್ಲಿ ಒಂದು ವಿನಂತಿ. ನೂರು ಕಿಲೋ ಕಬ್ಬು ತೂಗಿ ಅರೆಯಿರಿ, ಬಂದ ಹಾಲನ್ನೂ ತೂಗಿ ಬರೆದಿಡಿ. ಹಾಲು 60 ಕಿಲೋಗಿಂತ ಕಡಿಮೆ ಬಂದರೆ ಮೋಟಾರು ಪೂರ್ತಿ ನಿಲ್ಲಿಸಿ, ರೋಲರಿನ ಎರಡೂ ತುದಿಯಲ್ಲಿ ಸಂದು ಸಮವಾಗಿದೆಯೇ ನೋಡಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ ಮತ್ತೆ ತೂಗಿ. ತಕ್ಕಡಿ ಹೇಳುವ ಲೆಕ್ಕವನ್ನು ಕಣ್ಣಂದಾಜು ಹೇಳಲಾರದು.